ಕಾಕಾ ಮುಚ್ಚುವ ಎಡಗಣ್ಣು

ಬಣ್ಣ ಹಾಕಿದ ಬಟ್ಟೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ನೋಡೋದು ಕಾಕಾ ಅಭ್ಯಾಸ. ಆಮೇಲೇ "ಹಳದಿ ಒಂದು ಚೂರು ಕಮ್ಮಿ" ಅನ್ನುತ್ತಾರೆ. ವಟ್ವಾದ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಈ ಹಿರಿಯರ ಮಾತಿಗೆ ಬಣ್ಣ ಅಳೆಯೋ ಮೆಷಿನ್ನೂ ಎದುರಾಡಲ್ಲ. ನಾನು ಟ್ರೇನಿಂಗ್ ವಿಭಾಗದವಳು; ಆಫೀಸಿನವರ ಬಾಯಲ್ಲಿ 'ಬೇನ್', ಅಂದರೆ ಅಕ್ಕ. "ಹಿರಿಯರನ್ನು ನೋಡಿ ಕಲಿಯಿರಿ" ಅನ್ನೋದು ನಮ್ಮ ಹೊಸ ಯೋಜನೆ. ಜನ ನೋಡಿ ಕಲಿಯುತ್ತಾರೆ, ನಿಜ. ಏನನ್ನು ಅನ್ನೋದು ನಮ್ಮ ಕೈಯಲ್ಲಿಲ್ಲ.

೧. ವಟ್ವಾ

ಆರು ಟ್ರೇನಿಗಳು ಒಂದು ವಾರ ಕಾಕಾ ಪಕ್ಕ ನಿಂತರು. ಪರೀಕ್ಷೆಯ ದಿನ ಆರೂ ಜನ ಕಿಟಕಿಗೆ ಹೋಗಿ, ಎಡಗಣ್ಣು ಮುಚ್ಚಿ, ಆರು ಬೇರೆ ಬೇರೆ ಉತ್ತರ ಕೊಟ್ಟರು.

"ಕಣ್ಣಂತೂ ಚೆನ್ನಾಗಿ ಮುಚ್ತಾರೆ," ಅಂದರು ಕಾಕಾ.

೨. ವಡೋದರಾ

ಅಲ್ಲಿನ ಶಾಖೆಯವರು ಕಾಕಾನ್ನ ಕಂಡೇ ಇಲ್ಲ. ಅವರಿಗೆ ಕಲಿಸಿದ್ದು ಆ ಆರು ಜನರಲ್ಲಿ ಒಬ್ಬ. ಹೋಗಿ ನೋಡಿದರೆ ಎಲ್ಲರ ಎಡಗಣ್ಣೂ ಮುಚ್ಚಿದೆ! ಒಬ್ಬ ಹುಡುಗಿಗೆ ಮಾತ್ರ ಒಂದೇ ಕಣ್ಣು ಮುಚ್ಚೋಕೆ ಬರಲ್ಲ. "ವಿಧಾನ ತಪ್ಪು" ಅಂತ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಅವತ್ತು ಸರಿ ಉತ್ತರ ಹೇಳಿದ್ದು ಅವಳೊಬ್ಬಳೇ.

೩. ಸೂರತ್

ಅಡಾಜಣ್ ಬಡಾವಣೆಯ ಸೀರೆ ವ್ಯಾಪಾರಿ ಜಗಳಕ್ಕೇ ಬಂದಿದ್ದರು: "ನಾನು ಕೇಳಿದ ಬಣ್ಣವೇ ಅಲ್ಲ ಇದು!" ನಮ್ಮ ಟ್ರೇನಿ, "ಹಾಗಲ್ಲ ಸೇಠ್, ಹೀಗೆ ನೋಡಿ," ಅಂತ ಕಣ್ಣು ಮುಚ್ಚಿ ತೋರಿಸಿದ. ವ್ಯಾಪಾರಿಯೂ ಮುಚ್ಚಿ ನೋಡಿದರು. "ಹಾಂ, ಈಗ ಸರಿ."

೪. ಮತ್ತೆ ವಟ್ವಾ

ಸೂರತ್ತಿನ ಸುದ್ದಿ ಕೇಳಿ ಮ್ಯಾನೇಜರಿಗೆ ಖುಷಿಯೋ ಖುಷಿ. "ಬೇನ್, ಇದನ್ನ ಟ್ರೇನಿಂಗ್ ಪುಸ್ತಕಕ್ಕೆ ಹಾಕಿ. ಎಡಗಣ್ಣೇ ಯಾಕೆ ಅಂತ ಕಾಕಾನ್ನೇ ಕೇಳಿ. ಸೈಂಟಿಫಿಕ್ ಆಗಿರಲಿ."

ಯಾರನ್ನಾದರೂ ಏನಾದರೂ ಕೇಳೋದಂದರೆ ನನಗೆ ಸಂಕೋಚ. ಚಹಾ ಹೊತ್ತಿನಲ್ಲಿ ಹೇಗೋ ಕೇಳಿದೆ. ಕಾಕಾ ಸಾಸರಿಗೆ ಚಹಾ ಸುರಿದುಕೊಂಡರು.

"ಆ ಕಣ್ಣು ಹೋಗಿದೆ, ಬೇಟಾ. ಬರೀ ಮಂಜು. ಡಾಕ್ಟರೂ ಕೈಬಿಟ್ಟರು. ಎರಡೂ ತೆರೆದರೆ ಬಣ್ಣ ಕಲಸಿಹೋಗುತ್ತೆ, ಅದಕ್ಕೇ ಮುಚ್ತೀನಿ."

ಮೂರು ಊರಲ್ಲಿ ಸುಮ್ಮನೆ ಮುಚ್ಚಿಕೊಂಡ ಒಳ್ಳೆ ಕಣ್ಣುಗಳೆಲ್ಲ ನೆನಪಾಗಿ ನಕ್ಕುಬಿಟ್ಟೆ. ಕಾಕಾ ನಗಲಿಲ್ಲ.

"ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ದುಡಿಯೋನು ನಾನೊಬ್ಬನೇ. ಗೊತ್ತಾದರೆ ನಾಳೆಯೇ ಮನೆಗೆ ಕಳಿಸ್ತಾರೆ."

ಪ್ಯಾಕಿಂಗಿಗೆ ಹೋದ ಹುಡುಗಿ ಕಣ್ಣ ಮುಂದೆ ಬಂದಳು. ನಿಜ ಬರೆಯದಿದ್ದರೆ ಅವಳು ಅಲ್ಲೇ. ಒಳಗಿಂದ ಮ್ಯಾನೇಜರ್ ಕೂಗಿದರು: "ಬೇನ್, ಕಾರಣ ಸಿಕ್ತಾ?"

ಕಾಕಾ ಸಾಸರ್ ಕೆಳಗಿಟ್ಟು, ಎರಡೂ ಕಣ್ಣು ತೆರೆದು ನನ್ನನ್ನೇ ನೋಡಿದರು.

"ಬೇರೆ ಏನಾದರೂ ಬರಿ, ಬೇಟಾ. ಬರೀತೀಯಲ್ಲ?"