ಬಲಕ್ಕಷ್ಟ ತಿರುಗೋ ಸೈಕಲ್ಲು

ನಮ್ಮ ಓಣ್ಯಾಗ ಒಂದು ಕೆಲಸ ಶುರು ಆತಂದ್ರ ಅದು ಅದೇ ಕೆಲಸ ಆಗಿ ಮುಗಿದದ್ದು ನಾ ಇನ್ನೂ ನೋಡಿಲ್ಲ. ಹಪ್ಪಳ ಲಟ್ಟಸಾಕ ಕುಂತವರು ಯಾರದೋ ಮದುವಿ ಗೊತ್ತು ಮಾಡಿ ಎದ್ದಾರ, ನಳ ರಿಪೇರಿಗೆ ಬಂದಾಂವ ಟೀವಿ ಬಿಚ್ಚಿಟ್ಟು ಹೋಗ್ಯಾನ. ಹಂಗಾಗಿ ಈ ಛಳಿಗಾಲದಾಗ ನಾ ಸೈಕಲ್ ಕಲಿಯಾಕ ಹೊಂಟಾಗ ಏನೇನಾತು ಅಂತ ಹೇಳಿದ್ರ ನೀವು ಸುಳ್ಳು ಅಂತೀರಿ. ಅನ್ರಿ. ಮೊಣಕಾಲಿನ ಮ್ಯಾಲ ಗುರುತು ಅದಾವು, ತೋರಸ್ತೇನಿ.

ನಾ ದಾಂಡೇಲ್ಯಾಗ ಮನ್ಯಾಗ ಕುಂತು ಜಂಪರ್ ಹೊಲಿಯಾಕಿ. ನಮ್ಮನಿಯವರು ಕಾಗದದ ಮಿಲ್ಲಿನ್ಯಾಗ ಅದಾರ. ಮಗಳು ಕಾಲೇಜಿಗಂತ ಧಾರವಾಡಕ್ಕ ಹೋದ ಮ್ಯಾಲ ಆಕಿಗೆ ಸಾಲ್ಯಾಗ ಕೊಟ್ಟಿದ್ದ ಸೈಕಲ್ಲು ಪಡಸಾಲ್ಯಾಗ ನಿಂತಿತ್ತು. ಒಂದು ಹ್ಯಾಂಡಲ್ಲಿಗೆ ಉಳ್ಳಾಗಡ್ಡಿ ಚೀಲ, ಇನ್ನೊಂದಕ್ಕ ಇವರ ಟೊಪಗಿ. ಒಂದಿನ ಇವರು ಚಾ ಕುಡಕೋತ, "ಸಂಕ್ರಮಣಕ್ಕ ನಮ್ಮವ್ವನ ಕರಕೊಂಡು ತಮ್ಮ ಬರ್ತಾನ. ಹೋಗೂ ಮುಂದ ಈ ಸೈಕಲ್ಲ ಹಳಿಯಾಳಕ್ಕ ಒಯ್ಯಲಿ, ಹೊಲಕ್ಕ ಹೋಗಾಕ ಬರತೈತಿ" ಅಂದ್ರು.

ನನಗ ಎಲ್ಲಿತ್ತೋ ಏನೋ ಸಿಟ್ಟು. ಗಿರಾಕಿ ಮನಿಗೆ ಒಂದು ಜಂಪರ್ ಮುಟ್ಟಸಬೇಕಂದ್ರ ಇವರ ಬೈಕಿನ ಹಿಂದ ಕುಂದ್ರಬೇಕು. ಸಂತಿಗೆ ಹೋಗಬೇಕಂದ್ರ ಇವರ ನಿದ್ದಿ ಮುಗೀಬೇಕು. ಇವರ ನಿದ್ದಿ ಮುಗಿಯೂದ್ರಾಗ ಸಂತ್ಯಾಗ ಬರೇ ಕೊಳತ ಬದನಿಕಾಯಿ ಉಳದಿರತಾವು. "ಸೈಕಲ್ ಯಾರಿಗೂ ಕೊಡೂದಿಲ್ಲ, ನಾ ಹೊಡೀತೇನಿ" ಅಂದೆ. ಇವರು ನಕ್ಕಿದ್ದು ಎದುರುಮನಿಗೆ ಕೇಳಸ್ತು.

"ಹೌದಾ? ಹಂಗಾದ್ರ ಸಂಕ್ರಮಣದ ದಿನ ಬುತ್ತಿ ಉಣ್ಣಾಕ ಹೋಗ್ತೇವಲ್ಲ, ಮೌಳಂಗಿ ಹೊಳಿತನಾ ಸೈಕಲ್ ಮ್ಯಾಲ ಬಾ. ಬಂದ್ರ ಸೈಕಲ್ ನಿಂದು, ಇಲ್ಲಂದ್ರ ತಮ್ಮಂದು."

"ಆತು" ಅಂದೆ. ಬಾಯಿ ನಂದ, ಯಾರಿಗೆ ಬೈಲಿ?

ರಂಗೋಲಿ

ರಸ್ತಾದಾಗ ಕಲಿಯೂಣು ಅಂದ್ರ ಮಂದಿ ಹಲ್ಲು ಕಿಸೀತಾರ. ಮಗಳಿಗೆ ಹೇಳಿದ್ರ ಆಕಿ ಫೋನಿನ್ಯಾಗ ಒಂದು ವಿಡಿಯೋ ಕಳಿಸಿದ್ಲು. ಯಾವುದೋ ದೇಶದಾಗ ಮನಿ ಹಿಂದಿನ ಅಡವ್ಯಾಗ ಮೊಣಕಾಲುಮಟ ಹಿಮ ಬಿದ್ದೈತಿ. ಮಂದಿ ಅದನ್ನ ತುಳದು ತುಳದು ಗಟ್ಟಿ ಮಾಡಿ, ಗಿಡಗಳ ನಡುವ ಸಣ್ಣ ದಾರಿ ಮಾಡಿ, ಆ ಛಳ್ಯಾಗ ಸೈಕಲ್ ಹೊಡ್ಯಾಕತ್ತಾರ. "ಅವ್ವಾ, ನಮ್ಮನಿ ಹಿಂದನೂ ಸಾಗವಾನಿ ತೋಪು ಐತೆಲ್ಲ" ಅಂದ್ಲು. ಖರೇ ಅನಸ್ತು. ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು? ಆದ್ರ ಛಳಿಗಾಲದಾಗ ಸಾಗವಾನಿ ಎಲಿ ಬೀಳತಾವು, ಅವೂ ಏನ ಕಡಿಮಿ ಬೀಳೂದಿಲ್ಲ.

ಆ ತೋಪು ಒಬ್ಬ ಸಾವುಕಾರರದು. ಕೇಳಿದ್ರ, "ಎಲಿ ಗುಡಿಸ್ತೀರಂದ್ರ ಯಾಕ ಬ್ಯಾಡನ್ನಲಿ, ಬೆಂಕಿ ಹತ್ತೂ ಭಯ ತಪ್ಪತೈತಿ" ಅಂದ್ರು. ಜೋಡಿಗೆ ಇಬ್ಬರು ಸಿಕ್ಕರು. ಒಬ್ಬರು ಎದುರುಮನಿ ಅಂಗನವಾಡಿ ಅಕ್ಕೋರು. ಸಣ್ಣಾಕಿ ಇದ್ದಾಗ ಅಣ್ಣನ ಸೈಕಲ್ಲಿನ ಡಂಡಿ ಮ್ಯಾಲ ಕುಂತಿದ್ರಂತ, ಅದಕ್ಕ ಅವರ ಗುರುಗಳಾದ್ರು. ಇನ್ನೊಬ್ಬಾಕಿ ಓಣಿಗೆ ಹಾಲು ಹಾಕೂ ಮಾವಶಿ, ಜೊಯಿಡಾ ಕಡಿಯಾಕಿ. ಆಕಿಗೆ ಸೈಕಲ್ ಬೇಕಿದ್ದಿಲ್ಲ, ಮನ್ಯಾಗ ಸೊಸಿ ಇದ್ಲು, ಹೊರಗ ಬೀಳಾಕ ಒಂದು ನೆವ ಬೇಕಿತ್ತು.

ಗಂಡಸರು ಕೆಲಸಕ್ಕ ಹೋದಮ್ಯಾಲ ಮೂರೂ ಮಂದಿ ಕಸಬರಗಿ ಹಿಡಕೊಂಡು ಹೋಗಿ ಗುಡಿಸಿದ್ವಿ. ಒಂದು ಎಲಿ ತಗದ್ರ ಮ್ಯಾಲಿಂದ ಎರಡು ಬೀಳತಿದ್ವು. ವಿಡಿಯೋದಾಗ ಮಾಡಿಧಂಗ ತುಳದು ನೋಡಿದ್ವಿ. ಹಪ್ಪಳ ಮುರದಂಗ ಸಪ್ಪಳ ಆಗಿ ಎಲ್ಲಾ ಪುಡಿ ಆತು, ಪುಡ್ಯಾಗ ಗಾಲಿ ಜಾರಾಕತ್ತು. ಕಡೀಕ ಮಾವಶಿ ಅಂದ್ಲು, "ಅಗೋ ಬಾಯ್, ನೆಲ ಹಿಡೀಬೇಕಂದ್ರ ಸಗಣಿ ಸಾರಸಬೇಕು. ನನ್ನ ಎಮ್ಮಿ ಯಾಕ ಐತಿ?"

ಸಾರಿಸಿದ್ವಿ. ಏನ ಚಂದ ಆತಂತೀರಿ ದಾರಿ! ನಮ್ಮ ಅಂಗಳ ಸೈತ ಹಂಗ ಇರಲಿಲ್ಲ. ಮನಿಗೆ ಹೋಗಿ ಸೈಕಲ್ ತಗೊಂಡು ಬರೂದ್ರಾಗ ಅಕ್ಕೋರಿಗೆ ಕೈ ಸುಮ್ನಿರಲಿಲ್ಲ. ಸಾರಿಸಿದ ನೆಲ ಬರಿದು ಬಿಡಬಾರದು ಅಂತ ಉದ್ದಕ್ಕೂ ರಂಗೋಲಿ ಹಾಕಿಬಿಟ್ಟಿದ್ರು. ಕಮಲ, ಶಂಖ, ನಡುನಡುವ ಲಕ್ಷ್ಮಿ ಪಾದ.

"ಅಕ್ಕೋರ, ಇದರ ಮ್ಯಾಲ ಸೈಕಲ್ ಹೆಂಗ ಹೊಡೀಲ್ರಿ?"

"ಅಯ್ಯ, ರಂಗೋಲಿ ತುಳೀತೀರೇನು? ಎತ್ತಿ ದಾಟಸ್ರಿ!"

ಮೂರೂ ಮಂದಿ ಸೈಕಲ್ ಎತ್ತಿ ಹೆಗಲ ಮ್ಯಾಲ ಇಟಗೊಂಡು, ತುದಿಗಾಲಲೆ ರಂಗೋಲಿ ತಪ್ಪಸಕೋತ ಒಂದು ಸುತ್ತು ಮುಗಿಸಿದ್ವಿ. ಮೊದಲನೇ ದಿನ ನಾವು ಸೈಕಲ್ ಮ್ಯಾಲ ಹೋಗಲಿಲ್ರಿ, ಸೈಕಲ್ಲ ನಮ್ಮ ಮ್ಯಾಲ ಹೋತು.

ಬಲಕ್ಕ

ತೋಪಿನ ನಡುವ ಒಂದು ಹುತ್ತ ಐತಿ. ಪಂಚಮಿಗೆ ಓಣಿ ಹೆಣಮಕ್ಕಳೆಲ್ಲ ಅಲ್ಲೇ ಹಾಲು ಎರಿಯೂದು. ನಮ್ಮ ದಾರಿ ಆ ಹುತ್ತದ ಸುತ್ತ ಬಂದಿತ್ತು, ಬ್ಯಾರೆ ಕಡೆ ಬೇರು ಭಾಳ. ಮರುದಿನ ಅಕ್ಕೋರಿಗೆ ರಂಗೋಲಿ ಬ್ಯಾಡಂತ ಕೈ ಮುಗದು, ಮೊದಲನೇ ಸಲ ನಾ ಸೈಕಲ್ ಹತ್ತಿ ಎಡಕ್ಕ ಹೊಂಟೆ, ಮಾವಶಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

"ಎಲ್ಲಿಗೆ ಹೊಂಟಿ? ನಾಗಪ್ಪನ್ನ ಬಲಕ್ಕ ಹಾಕ್ಕೊಂಡು ಸುತ್ತಬೇಕು. ಎಡಸುತ್ತು ಹಾಕಾಕ ಇಲ್ಲಿ ಯಾರ ಸತ್ತಾರ?"

ಅದೂ ಖರೇನ. ಅವತ್ತಿನಿಂದ ಬಲಸುತ್ತು, ಬರೇ ಬಲಸುತ್ತು. ಮಾವಶಿ ಕ್ಯಾರಿಯರ್ ಹಿಡಕೊಂಡು ಹಿಂದ ಓಡತಿದ್ಲು, ಅಕ್ಕೋರು ಮುಂದ ನಿಂತು "ಮುಂದ ನೋಡ್ರಿ, ಗಾಲಿ ನೋಡಬ್ಯಾಡ್ರಿ" ಅಂತ ಚೀರತಿದ್ರು. ಹಿಂಗ ಮಂಜಿನ್ಯಾಗ ಮೂರು ಮಂದಿ ಹುತ್ತ ಸುತ್ತಾಕತ್ತಾಗ ದನ ಹೊಡಕೊಂಡು ಹೊಂಟಿದ್ದ ಒಬ್ಬ ಅಜ್ಜ ನಿಂತು ನೋಡಿದ. ಚಪ್ಪಲಿ ಕಳದ. ಕೈ ಮುಗದ.

"ಏನ ಹರಕಿ ಬೇ ತಂಗಿ ಇದು?"

ಸೈಕಲ್ ಕಲ್ಯಾಕತ್ತೇನಿ ಅನ್ನಾಕ ನನಗ ನಾಚಿಕಿ. ಇವರ ಕಿವಿಗೆ ಬಿದ್ರ ಮತ್ತ ನಗತಾರ. "ಹೌದ್ರಿ ಅಜ್ಜಾರ, ಹರಕಿ" ಅಂದುಬಿಟ್ಟೆ.

"ಎಷ್ಟು ಸುತ್ತು?"

ಅಕ್ಕೋರು ಅಂದ್ರು, "ಬೀಳೂತನಾ ರೀ."

ಹರಕಿ

ಎರಡ ದಿನದಾಗ ತೋಪಿನ್ಯಾಗ ಪಾಳೆ ಹತ್ತಿತು. ಒಬ್ಬಾಕಿ ಕಾಯಿ ಕರ್ಪೂರದ ತಾಟು ಹಿಡದು ಬಂದಿದ್ಲು. ಇನ್ನೊಬ್ಬಾಕಿ ಮೊಮ್ಮಗನ ಮೂರು ಗಾಲಿ ಸೈಕಲ್ ತಂದು, ಅದರ ಮ್ಯಾಲ ತಾನ ಕುಂತು, ಕಾಲಿಲೆ ನೂಕ್ಕೋತ ಸುತ್ತಾಕತ್ತಿದ್ಲು. ಪೆಡಲ್ ತುಳದು ಬೇಡಿಕೊಂಡ್ರ ನಾಗಪ್ಪ ಲಗೂನ ಕೇಳತಾನ ಅಂತ ಸುದ್ದಿ ಆಗಿತ್ತು. ನಮ್ಮ ದಾರಿ ಮ್ಯಾಲ ನಾವ ಪಾಳೆ ನಿಂದ್ರೂ ಹೊತ್ತು ಬಂತು. ಸಂಕ್ರಮಣ ಸಮೀಪ ಬರಾಕತ್ತು, ಮಾವಶಿ ಇನ್ನೂ ನನ್ನ ಕ್ಯಾರಿಯರ್ ಬಿಟ್ಟಿರಲಿಲ್ಲ.

ಒಂದಿನ ಮುಂಡಗೋಡ ಕಡೆ ಚಿಗಳ್ಳಿಯಿಂದ ಒಬ್ಬ ಯಜಮಾನ್ರು ಸ್ಕೂಟರ್ ಮ್ಯಾಲ ಬಂದ್ರು. ಮಗನಿಗೆ ಹೆಣ್ಣು ಸಿಗವಲ್ದಂತ.

"ತಾಯಾರ, ಸ್ಕೂಟರ್ ಮ್ಯಾಲ ಸುತ್ತಿದ್ರ ನಡೀತೈತೇನ್ರಿ? ನನಗ ಮಂಡಿನೋವು."

ಮಾವಶಿ ಭಾಳ ವಿಚಾರ ಮಾಡಿ, "ನಡೀತೈತಿ. ಆದ್ರ ಹಾರನ್ ಹೊಡೀಬಾರದು, ನಾಗಪ್ಪ ಮಲಗ್ಯಾನ" ಅಂದ್ಲು.

ನನಗ ಅಳು ಬರೂದೊಂದ ಬಾಕಿ. ಅಕ್ಕೋರು ನನ್ನ ಮಾರಿ ನೋಡಿ ಮಂದಿ ಮುಂದ ನಿಂತರು. ಅಂಗನವಾಡಿ ಹುಡುಗರಿಗೆ ಹೇಳೂ ದನಿಯೊಳಗ, "ಎಲ್ಲಾರೂ ಕೇಳ್ರಿ. ಈ ಹರಕಿಗೆ ಒಂದು ನೇಮ ಐತಿ. ಸುತ್ತೂಕಿಂತ ಮೊದಲ ದಾರಿಯ ಎಲಿ ತಾವ ಗುಡಸಬೇಕು, ಸಗಣಿ ತಾವ ಸಾರಸಬೇಕು" ಅಂದ್ರು.

ಮರುದಿನ ತೋಪಿನ್ಯಾಗ ನಾವ ಮೂರು ಮಂದಿ. ಚಿಗಳ್ಳಿ ಯಜಮಾನ್ರು ಮಾತ್ರ ಒಂದು ಸಲ ಬಂದು ಕೇಳಿ ಹೋದ್ರು. "ಗುಡಸೂದು ಸದ್ಯಕ ಇರಲಿರೀ. ಹೆಂಗೂ ಸೊಸಿ ಬರಾಕ ಬೇಕಲ್ಲ, ಬಂದಮ್ಯಾಲ ಆಕೀನ ಬಂದು ಗುಡಿಸಿದ್ರ ನಡೀತೈತೇನು?"

ಸ್ವೆಟರ್

ಒಂದಿನ ಮಾವಶಿ ಕ್ಯಾರಿಯರ್ ಬಿಟ್ಟಿದ್ದು ನನಗ ಗೊತ್ತ ಆಗಲಿಲ್ಲ. ಒಬ್ಬಾಕಿನ ಹೊಂಟಿದ್ದೆ! ಎಂಥಾ ಖುಷಿ ಆತಂದ್ರ, ಹೇಳಾಕ ಬರೂದಿಲ್ಲ, ಕಣ್ಣಾಗ ನೀರು ಬಂತು. ಖುಷಿಯೊಳಗ ಬ್ರೇಕ್ ಹಿಡದೆ. ಸೈಕಲ್ ನಿಂತು ನಾ ಹ್ಯಾಂಡಲ್ ದಾಟಿ ಮುಂದ ಹೋದೆ. ಅವತ್ತಿನಿಂದ ಅಕ್ಕೋರು, "ಬ್ರೇಕಿಗೆ ಕೈ ಹಚ್ಚಬ್ಯಾಡ್ರಿ. ಮಾವಶಿ ಹಿಡದು ನಿಲ್ಲಸ್ತಾಳ" ಅಂತ ಕಾಯ್ದೆ ಮಾಡಿದ್ರು. ಹಂಗ ನಡೀತು.

ಸೀರಿ ಚೈನಿನ್ಯಾಗ ಸಿಗತೈತಿ ಅಂತ ನಾ ಇವರ ಹಳೇ ಪ್ಯಾಂಟು, ಸ್ವೆಟರು, ಕಿವಿ ಮುಚ್ಚೂ ಮಂಕಿ ಟೊಪಗಿ ಹಾಕ್ಕೊಂಡು ಹೋಗತಿದ್ದೆ. ಒಂದು ಮುಂಜಾನೆ ಇವರು ರಾತ್ರಿ ಶಿಫ್ಟ್ ಮುಗಿಸಿ ತೋಪಿನ ಒಳದಾರಿ ಹಿಡದು ನಡಕೋತ ಬರೂದು ಮಂಜಿನ್ಯಾಗ ಕಂಡಿತು. ನಿಲ್ಲಸಾಕ ಬರೂದಿಲ್ಲ, ಇಳಿಯಾಕ ಬರೂದಿಲ್ಲ. ಮಾರಿ ಹೊಳ್ಳಿಸಿ ಇವರ ಬಾಜೂಕ ಹಾದು ಹೋದೆ. ಮನ್ಯಾಗ ರೊಟ್ಟಿ ಬಡ್ಯಾಕತ್ತಾಗ ಇವರು ಉಣಕೋತ ಹೇಳಿದ್ರು.

"ಇವತ್ತ ತೋಪಿನ್ಯಾಗ ಒಬ್ಬಾಂವ ಕಂಡ. ನನ್ನಂಥಾದ್ದ ಸ್ವೆಟರ್, ನನ್ನಂಥಾದ್ದ ಟೊಪಗಿ. ಸೈಕಲ್ ಹೊಡ್ಯಾಕತ್ತಿದ್ದ."

"ಹೌದ? ಹೆಂಗ ಹೊಡೀತಿದ್ದ?"

"ಭಾಳ ಕೆಟ್ಟ. ನಮಸ್ಕಾರ ಅಂದ್ರ ಹೊಳ್ಳಿ ಸೈತ ನೋಡಲಿಲ್ಲ, ಸೊಕ್ಕಿನ ಮನಷ್ಯಾ. ಅಂಥಾವನ ಜೋಡಿ ಅವನ ಹೆಂಡ್ತಿ ಹೆಂಗ ಬಾಳೇ ಮಾಡ್ತಾಳೋ, ಪಾಪ."

"ಹೌದ್ರಿ, ಭಾಳ ತ್ರಾಸ ಐತ್ರಿ ಆಕೀದು" ಅಂತ ಇನ್ನೊಂದು ರೊಟ್ಟಿ ಹಾಕಿದೆ.

ಸಂಕ್ರಮಣ

ಹಳಿಯಾಳದಿಂದ ಅತ್ತಿ, ಮೈದುನ ಬಂದ್ರು. ನಮ್ಮ ಅತ್ತಿಯವರಿಗೆ ನಾ ಮಾಡಿದ್ದ್ಯಾವುದೂ ಇನ್ನೂ ಸರಿ ಬಂದಿಲ್ಲ. ಕಾಲಿಗೆ ಬಿದ್ರೂ "ಹಿಂಗಲ್ಲ ಬೀಳೂದು" ಅಂತಾರ. ಮೈದುನ ಬಂದಾಂವನ ಸೈಕಲ್ಲಿನ ಗಾಲಿ ಹಿಚುಕಿ ನೋಡಿ, ಯಾರಿಗೂ ಗೊತ್ತಾಗಬಾರದಂತ ನಾ ದಿನಾ ಮತ್ತ ಕಟ್ಟಿಡತಿದ್ದ ಉಳ್ಳಾಗಡ್ಡಿ ಚೀಲ ಬಿಚ್ಚಿ ಕೆಳಗಿಟ್ಟ.

ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಬುತ್ತಿ ಎಲ್ಲಾ ಟಂಟಂ ರಿಕ್ಷಾಕ್ಕ ಏರಿಸಿದ್ವಿ. "ನೀವು ಮುಂದ ಹೋಗ್ರಿ, ನಾ ಹಿಂದ ಸೈಕಲ್ ಮ್ಯಾಲ ಬರ್ತೇನಿ" ಅಂದೆ. ಇವರು ನಗಲಿಲ್ಲ, ಪಾಪ ಅನ್ನೂಹಂಗ ನೋಡಿದ್ರು. ಅದು ನಕ್ಕದ್ದಕ್ಕಿಂತ ಹೆಚ್ಚು ಉರೀತು. ಇಳಕಲ್ ಸೀರಿ ಕಚ್ಚಿ ಹಾಕಿ ಹತ್ತಿ ಕುಂತೆ, ಮಾವಶಿ ನೂಕಿದ್ಲು.

ಓಣಿ ತುದಿಗೆ ಬಂದಾಗ ತಿಳೀತು ನೋಡ್ರಿ. ಮೌಳಂಗಿಗೆ ಎಡಕ್ಕ ತಿರುಗಬೇಕು. ನನಗ ಸೀದಾ ಬರತೈತಿ, ಬಲಕ್ಕ ಬರತೈತಿ. ಇಡೀ ಛಳಿಗಾಲ ಬಲಕ್ಕ ಸುತ್ತಿದ ಕೈ, ಎಡಕ್ಕ ಅಂದ್ರ ಕೇಳವಲ್ದು. ಏನ್ ಮಾಡ್ಲಿ? ಬಲಕ್ಕ ತಿರುಗಿದೆ, ಮತ್ತ ಬಲಕ್ಕ, ಮತ್ತೂ ಬಲಕ್ಕ, ಒಂದು ಓಣಿ ಪೂರಾ ಸುತ್ತಿ ಬಂದ್ರ ಮೌಳಂಗಿ ಕಡೆ ಮಾರಿ ಆತು. ಎಲ್ಲೆಲ್ಲೆ ಎಡಕ್ಕ ಹೋಗಬೇಕೋ ಅಲ್ಲೆಲ್ಲಾ ಹಿಂಗ. ಚಾದಂಗಡಿ ಮುಂದ ಮತ್ತ ಮತ್ತ ಹಾದಾಗ ಅಂಗಡಿಯವ, "ಅಕ್ಕಾರ, ಏನರ ಕಳಕೊಂಡೀರೇನ್ರಿ?" ಅಂದ.

"ದಾರಿ!" ಅಂದೆ.

ಮುಂದ ಸರ್ಕಲ್ ಬಂತು. ಸರ್ಕಲ್ಲಿನ್ಯಾಗ ಎಲ್ಲಾರೂ ಬಲಕ್ಕ ಸುತ್ತೂದು, ನನಗಂತನ ಕಟ್ಟಿಸಿಧಂಗ ಇತ್ತು. ಸುತ್ತಿದೆ. ಮತ್ತ ಸುತ್ತಿದೆ. ಒಳಗ ಹೋಗೂದು ಬಂತು, ಹೊರಗ ಬೀಳೂದು ಬರಲಿಲ್ಲ. ಕಡೀಕ ಅಲ್ಲಿದ್ದ ಪೊಲೀಸಣ್ಣ ಓಡಿ ಬಂದು ಕ್ಯಾರಿಯರ್ ಹಿಡದ. "ಏನ್ರಿ ಇದು?" ಅಂದ.

"ಅಣ್ಣಾ, ಎಲ್ಲಾ ಆಮ್ಯಾಲ ಹೇಳ್ತೇನಿ. ಮೌಳಂಗಿ ಕಡೆ ಮಾರಿ ಮಾಡಿ ಒಂದು ಸಲ ನೂಕಪಾ, ನಿನಗ ಪುಣ್ಯ ಬರಲಿ."

ಒಳ್ಳೇ ಮನಷ್ಯಾ, ನೂಕಿದ.

ಹೊಳಿ ದಂಡಿಗೆ ಬಂದ್ರ ಹಬ್ಬದ ಮಂದಿ ತುಂಬಿತ್ತು. ಅತ್ತಿ ಜಮಖಾನದ ನಡುವ ಕುಂತಿದ್ರು, ಮುಂದ ಬುತ್ತಿ ಬಿಚ್ಚಿತ್ತು. ಇವರು ನನ್ನ ಕಂಡು ಎದ್ದು ನಿಂತರು. "ಬಂದ್ಲು! ಬಂದಳಲ್ಲೋ!" ಅಂತ ಚೀರಿದ್ರು. ಆ ದನಿ ಕೇಳಿ ನನಗ ಇನ್ನ ಸತ್ರೂ ಚಿಂತಿಲ್ಲ ಅನಸ್ತು. ಸಾಯೂದೂ ಸಮೀಪನ ಇತ್ತು. ಇಳಿಜಾರು, ಎದುರಿಗೆ ಹೊಳಿ.

"ನಿಲ್ಲಸ!"

"ಬರೂದಿಲ್ರಿ!"

ಗೊತ್ತಿದ್ದದ್ದು ಒಂದ. ಬಲಕ್ಕ ತಿರುವಿದೆ. ಜಮಖಾನದ ಸುತ್ತ ಒಂದು ಸುತ್ತು ಆತು. ಅತ್ತಿ ಬುತ್ತಿ ಮ್ಯಾಲ ಅಡ್ಡ ಬಿದ್ದು, "ಯವ್ವಾ, ಕೊಲ್ತಾಳೋ!" ಅಂದ್ರು. ನನ್ನ ಹಿಡಿಯಾಕ ಇವರು ಹಿಂದ ಓಡಿ ಬಂದ್ರು. ಇವರ ಹಿಂದ ಮೈದುನ ಓಡಿದ. ನಾ ಮುಂದ, ಇವರಿಬ್ಬರೂ ಹಿಂದ, ಸುತ್ತಿದ್ದ ಸುತ್ತಿದ್ದು. ಸುತ್ತಮುತ್ತ ಉಣ್ಣಾಕತ್ತವರು ತುತ್ತು ಬಿಟ್ಟು ನೋಡಾಕತ್ತರು. ಯಾರೋ ಒಬ್ಬಾಕಿ ಕೈ ಮುಗದ್ಲು.

ಅಷ್ಟರಾಗ ಅತ್ತಿ ಮಾರಿ ಬದಲಾತು. ಎದ್ದು ಸರಿಯಾಗಿ ಕುಂತ್ರು. ಸೆರಗು ತಲಿ ಮ್ಯಾಲ ಹೊತಗೊಂಡ್ರು. ಬಲಗೈ ಎತ್ತಿ, ನಾ ಮುಂದ ಹಾದಾಗೊಮ್ಮೆ, ಮಕ್ಕಳು ಹಾದಾಗೊಮ್ಮೆ ಆಶೀರ್ವಾದ ಮಾಡಾಕತ್ತರು.

ಕಡೀಕ ಇವರು ಕ್ಯಾರಿಯರ್ ಹಿಡದರು. ಮೂರೂ ಮಂದಿ ಸೈಕಲ್ ಸೈತ ಅತ್ತಿ ಕಾಲಿನ ಮುಂದ ಅಡ್ಡ ಬಿದ್ವಿ. ಅತ್ತಿ ನನ್ನ ತಲಿ ಮ್ಯಾಲ ಕೈ ಇಟ್ಟು, ಮೈದುನನ ಕಡೆ ನೋಡಿದ್ರು.

"ನಿನಗ ಸೈಕಲ್ ಇಲ್ಲ. ಬಾಳೇಕ ಬಂದಾಗಿಂದ ಇವತ್ತ ಇಕಿ ನನಗ ಸರಿಯಾಗಿ ನಮಸ್ಕಾರ ಮಾಡ್ಯಾಳ. ಅದು ಇಕೀದ" ಅಂದ್ರು. ಆಮ್ಯಾಲ ನನ್ನ ಕಡೆ ಹೊಳ್ಳಿ, "ಆದ್ರ ಮುಂದಿನ ಸಲ ಸ್ವಲ್ಪ ಸಾವಕಾಶ ಸುತ್ತವಾ. ನಡುವ ಎರಡು ಆಶೀರ್ವಾದ ನಿನ್ನ ಬಿಟ್ಟು ಬಾಜೂ ಜಮಖಾನದವರಿಗೆ ಹೋದ್ವು."