ಬಲಗೈ ಎತ್ತಿ ಹೇಳಿ

ದೇವರ ಮೇಲೆ ಆಣೆ ಇಡಬಾರದು ಎಂದು ನಂಬಿಕೊಂಡು ಬಂದವಳು ನಾನು. ಚಿಕ್ಕಂದಿನಲ್ಲಿ ಮಾತುಮಾತಿಗೆ ‘ದೇವರಾಣೆ’ ಎನ್ನುತ್ತಿದ್ದೆ. ಅಮ್ಮ ತುಟಿಯ ಮೇಲೆ ಕೊಟ್ಟ ಏಟಿನಿಂದ ಆ ಅಭ್ಯಾಸ ಹೋಯಿತು. ಅಂಥ ನನಗೆ ಈ ವಯಸ್ಸಿನಲ್ಲಿ ಮನೆಮನೆಗೆ ಹೋಗಿ ಆಣೆ ಇಡಿಸುವ ಉದ್ಯೋಗ ಸಿಕ್ಕಿದೆ. ಈ ಪರದೇಶದಲ್ಲಿ ಮೊಬೈಲ್ ನೋಟರಿ ಎಂದು ಅದರ ಹೆಸರು. ಜನ ಸಹಿ ಹಾಕುವುದನ್ನು ಕಣ್ಣಾರೆ ನೋಡಿ ಸೀಲು ಒತ್ತುವುದು. ಅವರು ನಮ್ಮಲ್ಲಿಗೆ ಬರುವ ಬದಲು ನಾವೇ ಕಾರಿನಲ್ಲಿ ಹೋಗುವುದು. ಮಕ್ಕಳು ಕಾಲೇಜಿಗೆ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾಗಿದ್ದವು. “ಹೇಗಿದ್ರೂ ಎಲ್ಲರ ಮನೆಗೂ ಹೋಗ್ತಿರ್ತೀಯ, ಸೀಲು ತಗೊಂಡೇ ಹೋಗು” ಎಂದರು ನಮ್ಮ ಯಜಮಾನರು. ಪ್ರೋತ್ಸಾಹವೆಂದೇ ತೆಗೆದುಕೊಂಡೆ.

ಸೀಲು ಬಂದ ದಿನ ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ಡಬ್ಬಿಗೆ ಮಾತ್ರ, ಅಕ್ಷರಗಳಿಗೆ ತಾಗದ ಹಾಗೆ. ಅಷ್ಟು ಬುದ್ಧಿ ಕೊಟ್ಟವನೂ ಅವನೇ.

ಮೊದಲ ಕರೆ ಪಕ್ಕದೂರು ಸಮರ್‌ಸೆಟ್‌ನಿಂದ. ಹಾವೇರಿ ಕಡೆಯ ಶಾಂತಾ ಆಂಟಿಯ ಸೊಸೆ ದೀಪಾ ಫೋನ್ ಮಾಡಿದ್ದಳು. ಆಂಟಿ ಪಾಸ್‌ಪೋರ್ಟಿನಲ್ಲಿ ಶಾಂತಾ, ಹಳೆಯ ಕಾಗದಗಳಲ್ಲಿ ಶಾಂತವ್ವ; ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಆಗಬೇಕು. ಪಾಸ್‌ಪೋರ್ಟ್ ರಿನ್ಯೂ ಮಾಡಿಸಲು ಮರುದಿನವೇ ಅಪಾಯಿಂಟ್‌ಮೆಂಟ್. ಅದು ತಪ್ಪಿದರೆ ಊರಿನಲ್ಲಿ ಆಂಟಿಯ ತಮ್ಮನ ಮಗಳ ಮದುವೆಯೂ ತಪ್ಪುತ್ತದೆ. ಮನೆ ಮುಂದೆಯೇ ಪಾರ್ಕಿಂಗ್ ಸಿಕ್ಕಿತು. ಅದೂ ಒಂದು ದಯೆ ಎಂದುಕೊಂಡು ಒಳಗೆ ಹೋದೆ.

ಕಾಗದಕ್ಕಿಂತ ಮೊದಲು ಚಹಾ ಬಂತು. ಆಂಟಿಗೆ ಶುಗರ್ ಇರುವುದರಿಂದ ಆ ಮನೆಯಲ್ಲಿ ಎಲ್ಲರಿಗೂ ಸಕ್ಕರೆಯ ಬದಲು ಯಾವುದೋ ಪುಡಿ. ತುಟಿಗೆ ತಾಗಿಸಿದರೆ ಕೆಮ್ಮಿನ ಔಷಧಿಯನ್ನು ಬಿಸಿ ಮಾಡಿದ ಹಾಗಿತ್ತು.

“ಹೆಂಗೈತಿ ಚಹಾ?”

“ತುಂಬಾ ಚೆನ್ನಾಗಿದೆ ಆಂಟಿ.”

ಆಮೇಲೆ ಗಂಟಲು ಸರಿಮಾಡಿಕೊಂಡು, “ಬಲಗೈ ಎತ್ತಿ, ಇದರಲ್ಲಿರೋದೆಲ್ಲ ಸತ್ಯ ಅಂತ ಆಣೆ ಇಡಿ” ಎಂದೆ.

“ಆಣಿ? ನಮ್ಮನ್ಯಾಗ ಯಾರೂ ಆಣಿ ಇಡಂಗಿಲ್ಲವ್ವಾ.”

ನನಗೂ ಹಾಯೆನಿಸಿತು. ದೇವರ ಹೆಸರು ಬೇಡ, ಸತ್ಯವೆಂದು ದೃಢವಾಗಿ ಹೇಳಿದರೂ ಸಾಕೆಂದು ಇಲ್ಲಿನ ಕಾನೂನಿನಲ್ಲೇ ಇದೆ. ನಮ್ಮಮ್ಮನ ಕೈಯ ರುಚಿ ಗೊತ್ತಿದ್ದವರು ಯಾರೋ ಬರೆದಿರಬೇಕು. ಹಾಗೆ ಹೇಳಿದರೂ ಸಾಕೆಂದೆ. ಆಂಟಿ ಕೈಯೆತ್ತಿದರು, ಮತ್ತೆ ಇಳಿಸಿದರು. “ಮೊದಲು ಏನೈತಿ ಓದು.”

ದೀಪಾ ಕನ್ನಡದಲ್ಲಿ ಹೇಳುತ್ತಾ ಹೋದಳು. ಹುಟ್ಟಿದ್ದು ಜೂನ್ ಒಂದನೇ ತಾರೀಕು ಎಂಬಲ್ಲಿಗೆ ಬಂತು.

“ಅದು ಸುಳ್ಳು. ನಾ ಹುಟ್ಟಿದ್ದು ದೀಪಾವಳಿ ಅಮಾಸಿಗೆ. ಜೂನ್ ಒಂದು ಹೆಡ್‌ಮಾಸ್ತರು ಬರದದ್ದು. ನಮ್ಮ ಕ್ಲಾಸಿನಾಗ ಎಲ್ಲಾರೂ ಅವತ್ತೇ ಹುಟ್ಟೀವಿ.”

“ಅತ್ತೆ, ವರ್ಷಾ ವರ್ಷಾ ಅವತ್ತೇ ಕೇಕ್ ಕಟ್ ಮಾಡ್ತೀರಲ್ಲ?”

“ಕೇಕ್ ತಿನ್ನಾಕ ನೀ ಕೈ ಎತ್ತಿಸಿದ್ದೇನು?”

ದೀಪಾ ನನ್ನ ಕಡೆ ತಿರುಗಿದಳು. “ಅಕ್ಕ, ಸುಮ್ನೆ ಹೂಂ ಅನ್ನೋಕೆ ಹೇಳಿ.” ಹೇಗೆ ಹೇಳಲಿ? ಸುಳ್ಳೆಂದು ಅವರೇ ಹೇಳಿದ ಮೇಲೆ ಸೀಲು ಒತ್ತುವಂತಿಲ್ಲ. ಒತ್ತದಿದ್ದರೆ ಮದುವೆ ಹೋಯಿತು. ಭಾನುವಾರ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಸುದ್ದಿ ಹಬ್ಬಿ ನನ್ನ ಉದ್ಯೋಗವೂ ಹೋಯಿತು. ರಾಯರನ್ನು ನೆನೆಯುತ್ತಾ ಕೂತೆ.

ಆಂಟಿಯೇ ಕೇಳಿದರು: “ಪಾಸ್‌ಪೋರ್ಟಿನ್ಯಾಗ ಜೂನ್ ಒಂದು ಅಂತ ಬರದಾರ. ಬರದಿರೋದು ಸತ್ಯ ಹೌದಲ್ಲ?”

ದೀಪಾ ಲ್ಯಾಪ್‌ಟಾಪಿಗೆ ಓಡಿ, ಆ ವಾಕ್ಯವನ್ನು ‘ಪಾಸ್‌ಪೋರ್ಟಿನಲ್ಲಿರುವಂತೆ’ ಎಂದು ತಿದ್ದಿ ಪ್ರಿಂಟ್ ತಂದಳು. ಆಂಟಿ ಕೈಯೆತ್ತಿ ನಿಧಾನವಾಗಿ ಹೇಳಿದರು, ಸಹಿ ಹಾಕಿದರು. ಸೀಲು ಒಂದೇ ಏಟಿಗೆ ಸ್ಪಷ್ಟವಾಗಿ ಮೂಡಿತು. ಅಂತೂ ಕಾಪಾಡಿದ ಎಂದುಕೊಂಡು ಎದ್ದೆ.

ಆಂಟಿ ನನ್ನ ಕಪ್ಪನ್ನೇ ನೋಡುತ್ತಿದ್ದರು. ಕೆನೆಗಟ್ಟಿ, ಹಾಗೇ ತುಂಬಿಕೊಂಡಿತ್ತು.

“ಚಹಾ ಚೆಂದೈತಿ ಅಂದಿ, ಹಂಗೇ ಬಿಟ್ಟೀಯಲ್ಲ. ಎಲ್ಲಿ, ಈಗ ನೀ ಎತ್ತು ಬಲಗೈ.”

ಬಲಗೈಯಲ್ಲಿ ಸೀಲಿತ್ತು, ಪುಣ್ಯಕ್ಕೆ. ಎಡಗೈಯಲ್ಲಿ ಕಪ್ಪು ಎತ್ತಿ ಒಂದೇ ಉಸಿರಿಗೆ ಕುಡಿದುಬಿಟ್ಟೆ.