ಅತ್ತೆ ಓದುವ ಜಾತಕ

ನಮ್ಮ ಅತ್ತೆಗೆ ಮನುಷ್ಯರ ಮುಖ ನೋಡಿ ಗುಣ ಹೇಳುವ ಅಭ್ಯಾಸವಿಲ್ಲ. ಮುಖ ಸುಳ್ಳು ಹೇಳುತ್ತದಂತೆ! ಅವರು ನೋಡುವುದು ಮನುಷ್ಯರ ಮೋಟಾರ್‌ಸೈಕಲ್ಲಿನ ಸ್ಪಾರ್ಕ್ ಪ್ಲಗ್ಗನ್ನು.

ನೀವು ನಗಬಹುದು. ನಮ್ಮ ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಯಾರೂ ನಗುವುದಿಲ್ಲ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬೀದರಿನಿಂದ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು, ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ಉಪಕರಣ ಜೋಡಿಸುತ್ತಾ ನಿವೃತ್ತರಾದವರು. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ, "ಬಂದ ಗಂಡುಗಳು ಸೈಕಲ್ ಮ್ಯಾಲ ಬಂದಿದ್ವು. ಏನಂತ ಪರೀಕ್ಷಾ ಮಾಡ್ಲಿ?" ಎನ್ನುತ್ತಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿ ಅವರು ತಮ್ಮ ಹಳೆಯ ಬೈಕಿನಲ್ಲಿ ಹೊರಟರೆ ಆಟೋದವರೂ ದಾರಿ ಬಿಡುತ್ತಿದ್ದರು. ಗೌರವಕ್ಕೋ ಭಯಕ್ಕೋ, ನನಗಿನ್ನೂ ತಿಳಿದಿಲ್ಲ.

ಒಮ್ಮೆ ಚಿಕ್ಕಪ್ಪನ ಮಗಳ ಮದುವೆಯ ಸೀರೆ ತರಲು ಅವರೊಂದಿಗೆ ಕೋಠಿಯ ಪೇಟೆಗೆ ಹೋಗಿದ್ದೆ. ಸೀರೆ ಅಂಗಡಿಯಲ್ಲಿ ಅತ್ತೆ ಕೂರಲೂ ಇಲ್ಲ. "ಆ ಹಸರು, ಆ ಕೆಂಪು, ಕಟ್ರಿ" ಎಂದರು. ಮುಗಿಯಿತು! ನನಗೆ ಖುಷಿಯೋ ಖುಷಿ, ಇನ್ನು ಚಾಟ್ ತಿನ್ನಬಹುದು ಎಂದು. ಎಲ್ಲಿಯ ಚಾಟ್? ಪಕ್ಕದ ಗಲ್ಲಿಯ ಬಿಡಿಭಾಗದ ಅಂಗಡಿಗೆ ಎಳೆದುಕೊಂಡು ಹೋಗಿ, ಅಲ್ಲಿ ಸ್ಟೂಲ್ ಕೇಳಿ ಹಾಕಿಸಿಕೊಂಡು ಕುಳಿತರು.

ಪ್ಲಗ್ಗಿನ ಪರೀಕ್ಷೆ ಶುರುವಾಯಿತು. ಮೊದಲು ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟಾದರೂ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದರು. ಆಮೇಲೆ ಚೀಲದಿಂದ ತಮ್ಮ ಹಳೆಯ ಪ್ಲಗ್ಗನ್ನು ತೆಗೆದು ಹೊಸದರ ಪಕ್ಕ ನಿಲ್ಲಿಸಿ, ಎರಡರ ಮರೆ ಒಂದೇ ಉದ್ದವಿದೆಯೇ ಎಂದು ನೋಡಿದರು. ಮರೆ ಎಂದರೆ ತಿರುಗಿಸಿ ಕೂಡಿಸುವ ಆ ಸುರುಳಿ ಗೆರೆಗಳು.

"ಏ ನಕ್ಕೋ ಭಾಯ್, ಲಂಬಾ ಹೈ" ಎಂದು ಉದ್ದ ಹೆಚ್ಚಾದ ಆ ಪ್ಲಗ್ಗನ್ನು ಹಿಂದಕ್ಕೆ ತಳ್ಳಿ, ನನ್ನತ್ತ ತಿರುಗಿ, "ಇದನ್ನ ಹಾಕಿದ್ರ ಒಳಗ ಪಿಸ್ಟನ್ ತಲಿಗೆ ಹೋಗಿ ಬಡೀತೈತಿ. ಅಳತಿ ತಪ್ಪಿದ ನೆಂಟಸ್ತನ ಇದ್ದಂಗ" ಎಂದರು.

ಇನ್ನೊಂದು ಬಂತು. ಉದ್ದ ಸರಿಯಿತ್ತು, ಮೇಲಿನ ನಂಬರು ಬೇರೆಯಿತ್ತು. "ಇದು ಭಾಳ ಬಿಸಿ ಪ್ಲಗ್, ಕಾವು ಒಳಗ ಹಿಡಕೊಂತೈತಿ. ನಮ್ಮ ಗಾಡಿಗೆ ಆಗಿಬರೂದಿಲ್ಲ." ಮತ್ತೊಂದು ಬಂತು. ತುದಿಯ ಸಂದಿಯಲ್ಲಿ ತೆಳ್ಳನೆಯ ಅಳತೆ ಪಟ್ಟಿ ತೂರಿಸಿದರು. ಪಟ್ಟಿ ಸಲೀಸಾಗಿ ಅಲ್ಲಾಡಿತು, ಸಂದಿ ಹೆಚ್ಚು. ಅದೂ ವಾಪಸ್ಸು! ಕೌಂಟರಿನ ಮೇಲೆ ಪ್ಲಗ್ಗುಗಳ ಜಾತ್ರೆಯಾಯಿತು.

ಅಂಗಡಿಯವನು ಹಣೆ ಒರೆಸಿಕೊಂಡು ಕೈಮುಗಿದ. "ಅಮ್ಮಾ, ಇತ್ನಾ ದೇಖ್‌ಕೇ ತೋ ಲೋಗಾಂ ದಾಮಾದ್ ಭೀ ನೈ ಲಾತೇ!" ಇಷ್ಟು ನೋಡಿ ಜನ ಅಳಿಯನನ್ನೂ ತರುವುದಿಲ್ಲವಂತೆ.

ಅವನು ಹಾಗೆ ಹೇಳಬಾರದಿತ್ತು. ಅತ್ತೆಯ ತಲೆಯಲ್ಲಿ ಅದೊಂದು ಬೀಜವಾಗಿ ಬಿದ್ದಿತು ನೋಡಿ!

ಮುಂದೆ ನನ್ನನ್ನು ನೋಡಲು ಒಬ್ಬ ಹುಡುಗ ಬಂದ. ಬ್ಯಾಂಕಿನ ಕೆಲಸ, ಕಲಬುರಗಿ ಕಡೆಯ ಮನೆತನ, ಈಗ ಇದೇ ಊರಲ್ಲಿ ವಾಸ. ತಂದೆತಾಯಿ ಆಟೋದಲ್ಲಿ ಬಂದರು, ಅವನು ತನ್ನ ಬೈಕಿನಲ್ಲಿ. ನಾನು ನೀರು ತಂದಾಗ "ನಿಮಗೂ ಹಿಂಗ ಕುಂದ್ರಸಿ ನೋಡೂದು ಮುಜುಗರ ಅನಸ್ತದೇನ್ರಿ?" ಎಂದು ಮೆಲ್ಲಗೆ ಕೇಳಿದ. ನನಗೆ ಅಲ್ಲೇ ಅವನು ಹಿಡಿಸಿಬಿಟ್ಟ. ಆದರೆ ಅತ್ತೆ ಎಲ್ಲಿ?

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು ಅಮ್ಮನಿಗೆ ಹೇಳಿದರು: "ಉಪ್ಪಿಟ್ಟು ತಡಾ ಮಾಡು. ಇಂಜಿನ್ ಇನ್ನೂ ಬಿಸಿ ಐತಿ."

"ಯಾವ ಇಂಜಿನ್ ರೀ?"

"ಹುಡುಗಂದು. ಬಿಸಿ ಇದ್ದಾಗ ಬಿಚ್ಚಿದ್ರ ಸುರುಳಿ ಮರೆ ಕೆಡತೈತಿ."

ಅಮ್ಮನ ಕೈಯಿಂದ ಸೌಟು ಜಾರಿತು. ಉಪ್ಪಿಟ್ಟಿನ ಮುಂಚೆ ಚಹಾ, ಚಹಾದ ಮುಂಚೆ ಶರಬತ್ತು, ಹೀಗೆ ಕಾಲ ಕಳೆದದ್ದಾಯಿತು. ಕೊನೆಗೆ ಅತ್ತೆ ಸೆರಗಿನ ತುದಿಯಲ್ಲಿ ಏನನ್ನೋ ಹಿಡಿದು ಪಡಸಾಲೆಗೆ ಬಂದು ನಡುವೆ ನಿಂತರು.

"ಏನ್ರೀ ಅದು?" ಎಂದರು ಹುಡುಗನ ತಾಯಿ.

"ನಿಮ್ಮ ಹುಡುಗನ ಜಾತಕ!"

ಅಂಗೈ ಬಿಚ್ಚಿದರು. ಮಸಿ ಮೆತ್ತಿದ ಪ್ಲಗ್ಗು! "ನೋಡ್ರಿ, ಕರ್ರಗ ಐತಿ. ಒಳಗ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮಿ. ಏರ್ ಫಿಲ್ಟರಿನ ಧೂಳ ಯಾವಾಗ ಬಡದು ಹಾಕೀದಪ್ಪಾ?"

ಹುಡುಗನ ತಂದೆ ಎದ್ದೇ ನಿಂತರು. "ನಾವು ಹುಡುಗಿ ನೋಡಾಕ ಬಂದೀವಿ ಬಾಯಾರ, ಗಾಡಿ ಸರ್ವಿಸಿಂಗಿಗೆ ಬಂದಿಲ್ಲ!"

ಅಪ್ಪ "ಅಕ್ಕಾ, ಅಕ್ಕಾ" ಎಂದು ಒದ್ದಾಡಿದರು. ಹುಡುಗನ ತಾಯಿ ಆಗಲೇ ಕೈಚೀಲ ತೆಗೆದುಕೊಂಡಿದ್ದರು. ಅತ್ತೆಯ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಆಗ ಹುಡುಗ ಎದ್ದು ಅತ್ತೆಯ ಬಳಿ ಬಂದು, ಪ್ಲಗ್ಗಿನತ್ತ ಬಗ್ಗಿ ನೋಡಿದ. "ಮುಂಜಾನೆ ಚಾಲೂ ಆಗಾಕ ಭಾಳ ಸತಾಯಿಸ್ತದ್ರೀ ಇದು. ಯಾಕಂತ ನನಗ ತಿಳೀವಲ್ದು. ತೋರಿಸ್ತೀರೇನು?"

ಇಬ್ಬರೂ ಕೆಳಗೆ ಹೋದರು. ಮೇಲೆ ಎರಡು ಮನೆತನಗಳು, ನಡುವೆ ಆರಿದ ಉಪ್ಪಿಟ್ಟು! ನಾನು ಬಾಲ್ಕನಿಯಿಂದ ಇಣುಕಿದೆ. ಹುಡುಗ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ. ಉಜ್ಜಿ ಹಸನು ಮಾಡಿದ ಪ್ಲಗ್ಗನ್ನು ಅವನ ಕೈಗಿಟ್ಟು, ಬಿಗಿಸುವ ಪಾನಾ ತಮ್ಮಲ್ಲೇ ಹಿಡಿದುಕೊಂಡು ಅತ್ತೆ ಹೇಳುತ್ತಿದ್ದರು: "ಮೊದಲ ಪಾನಾ ಹಚ್ಚಬ್ಯಾಡ. ಬೆರಳಿಲೆ ತಿರುವು. ಬೆರಳಿಗೆ ದಾರಿ ಸಿಗಲಿ. ಆಮ್ಯಾಲ ಪಾನಾದಿಂದ ಒಂದೀಟು ಬಿಗಿ ಮಾಡು. ಜೋರು ಮಾಡಿದ್ರ ನಿನ್ನ ಶಕ್ತಿ ತೋರತೈತಿ, ಗಾಡಿ ಹಾಳಾಗತೈತಿ."

ಒಂದೇ ಒದೆತಕ್ಕೆ ಬೈಕು ಗುರ್ ಎಂದಿತು. ಬಿಳಿಯ ಅಂಗಿಗೆಲ್ಲ ಮಸಿ ಮೆತ್ತಿಕೊಂಡು, ಹಲ್ಲು ಬಿಟ್ಟುಕೊಂಡು ಹುಡುಗ ಮೇಲೆ ಬಂದ. ಹಿಂದೆ ಬಂದ ಅತ್ತೆ ತೀರ್ಪು ಕೊಟ್ಟರು.

"ಹುಡುಗ ಅಡ್ಡಿಯಿಲ್ಲ. ಗೊತ್ತಿಲ್ಲ ಅನ್ನಾಕ ನಾಚೂದಿಲ್ಲ."

ಆ ಹುಡುಗ ಈಗ ನನ್ನ ಗಂಡ. ಅವತ್ತು ಎದ್ದು ನಿಂತಿದ್ದ ನನ್ನ ಮಾವನವರೋ? ಎಷ್ಟೋ ಭಾನುವಾರ ತಮ್ಮ ಸ್ಕೂಟರ್ ತಳ್ಳಿಕೊಂಡು ಬಂದು, "ಬಾಯಾರು ಮನ್ಯಾಗ ಅದಾರೇನು?" ಎಂದು ಕೆಳಗಿನಿಂದಲೇ ಅತ್ತೆಯನ್ನು ಕೂಗುತ್ತಾರೆ!

ಈಚೆಗೆ ಅತ್ತೆ ಬೈಕು ತೆಗೆಯುವುದು ಕಡಿಮೆಯಾಗಿತ್ತು. ಕೇಳಿದರೆ "ಮೆಟ್ರೋದಾಗ ಏಸಿ ಐತಿ" ಎನ್ನುತ್ತಿದ್ದರು. ಹೋದ ತಿಂಗಳು ನಾನು ತವರಿಗೆ ಹೋದಾಗ ಅವರು ಪಾರ್ಕಿಂಗಿನಲ್ಲಿ ಮಣೆ ಹಾಕಿಕೊಂಡು, ಬೈಕಿನ ಪ್ಲಗ್ಗು ಬಿಚ್ಚಿ ಕೈಯಲ್ಲಿ ಹಿಡಿದು ಕುಳಿತಿದ್ದರು. ನನ್ನ ಹೆಜ್ಜೆಯ ಸಪ್ಪಳ ಕೇಳಿ ಅದನ್ನು ಚಾಚಿದರು.

"ಬಣ್ಣ ಹೆಂಗ ಐತಿ, ಹೇಳು."

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, "ಕಂದು ಬಣ್ಣ ಅತ್ತಿ, ಬಿಸ್ಕೀಟಿನಂಗ ಐತಿ" ಎಂದೆ.

"ಎಲ್ಲಾ ಕಡೆನೂ? ತುದಿಗೆ ಬೆಳ್ಳಗ ಇಲ್ಲಲ್ಲ? ಸರಿಯಾಗಿ ನೋಡು ತಂಗಿ."

ಆ ದನಿಯಲ್ಲಿ ಪರೀಕ್ಷೆ ಇರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತೆ. "ಅತ್ತಿ, ಯಾವಾಗಿಂದ?"

"ಸ್ವಲ್ಪ ದಿನ ಆತು. ಸಕ್ಕರಿ ರೋಗ ಕಣ್ಣಿಗಿ ಇಳದಂಗ ಕಾಣತೈತಿ. ನಿಮ್ಮಪ್ಪಗ ಹೇಳಬ್ಯಾಡ, ಗಾಡಿ ಕೀಲಿ ಕಸಗೊಂತಾನ."

ನಾನು ಅವರನ್ನು ಎಬ್ಬಿಸಿ ನನ್ನ ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಇಂಜೆಕ್ಷನ್ನಿನಿಂದ ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಹೊರಗೆ ಕುಳಿತಾಗ ಇಂಜೆಕ್ಷನ್ನಿಗೆ ಮುಂಚೆ ಕಣ್ಣಿಗೆ ಹನಿ ಹಾಕಿದ ನರ್ಸ್ ನನ್ನನ್ನು ತೋರಿಸಿ ತೆಲುಗಿನಲ್ಲಿ ಕೇಳಿದಳು, "ಮೀ ಅಮ್ಮಾಯಾ?" ನಿಮ್ಮ ಮಗಳೇ, ಎಂದು.

ತಮ್ಮನ ಮಗಳು ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ಅವುನು. ಮಾ ಅಮ್ಮಾಯೇ" ಎಂದರು. ಹೌದು, ನಮ್ಮ ಹುಡುಗಿಯೇ. ಆಮೇಲೆ ಆ ತೆಲುಗು ನರ್ಸಿಗೆ ಅರ್ಥವಾಗುತ್ತದೋ ಇಲ್ಲವೋ ಎಂದೂ ನೋಡದೆ, ಕಣ್ಣು ಮುಚ್ಚಿಕೊಂಡೇ, ಎದೆಯುಬ್ಬಿಸಿ ಹೇಳಿದರು: "ಪ್ಲಗ್ ಭಾಳ ಛಲೋ ನೋಡ್ತಾಳ್ರಿ ಇಕಿ."